ಕೋಟೆಯ ಹಿಂಬಾಗಿಲು

ಅಜ್ಜನಿಗೆ ಮರೆವು ಎಂದು ಹಲ್ಲು ಕಿರಿಯುವವರು ಮೊದಲು ಬಾಯಿ ಮುಚ್ಚಿ ಕೇಳಿ. ಆ ಕೋಟೆ ಆಟದ ರಾಜನಿಗೆ ದನಿ ಕೊಟ್ಟವನು ನಾನು. ಇದೆಲ್ಲ ನಡೆದಾಗ ಎದುರಿಗೇ ಕೂತಿದ್ದೆ.

ವಿಡಿಯೋ ಗೇಮ್ ಕಟ್ಟುವ ಸಾಫ್ಟ್‌ವೇರಿಗೆ ಎಂಜಿನ್ ಅನ್ನುತ್ತಾರೆ. ಆ ಆಟ ಮಾಡುತ್ತಿದ್ದ ಕಂಪನಿಯಲ್ಲಿದ್ದ ನಮ್ಮ ಕುಮುದಾ ತನ್ನದೇ ಒಂದು ಎಂಜಿನ್ ಬರೆದಿದ್ದಳು. ಯಾವುದಕ್ಕಾದರೂ ಚಿತ್ರ ಹಾಕಲು ಮರೆತರೆ ಅದು ಆ ಜಾಗದಲ್ಲಿ ಬದನೆಕಾಯಿ ತೋರಿಸುತ್ತಿತ್ತು. ಬೇರೆ ಯಾವ ಎಂಜಿನ್‌ನಲ್ಲೂ ಇಲ್ಲದ, ಅವಳದೇ ಕುಚೇಷ್ಟೆ.

ಹೊಸ ಮ್ಯಾನೇಜರ್ ಬಂದವನೇ ಗದರಿದ. "ಲೋಕವೆಲ್ಲಾ ದೊಡ್ಡ ಎಂಜಿನ್ ಬಳಸ್ತಿದೆ. ನಿಮ್ಮ ಈ ಮನೆಮದ್ದು ಯಾಕ್ರೀ?"

"ಅದ್ರಲ್ಲಿ ಒಂದು ಗೋಡೆ ಸರಿಸಿದ್ರೆ, ಕಾಣ್ಸೋಕೆ ಕಾಫಿ ಕುಡಿದು ಬರೋವರೆಗೂ ಕಾಯ್ಬೇಕು ಸಾರ್. ನನ್ನದ್ರಲ್ಲಿ ತಕ್ಷಣ ಕಾಣ್ಸುತ್ತೆ."

"ಜಂಬ ಸಾಕು. ಶುಕ್ರವಾರದೊಳಗೆ ನನ್ನ ಹುಡುಗ್ರು ಅದ್ರಲ್ಲೇ ಇಡೀ ಕೋಟೆ ಕಟ್ತಾರೆ. ಕಟ್ಟಿದ್ರೆ ನಿಮ್ಮದು ಕಸದ ಬುಟ್ಟಿಗೆ."

"ಕಟ್ಲಿ, ನೋಡೋಣ. ಸೋತ್ರೆ ನಾನೂ ಅದ್ರ ಜೊತೇನೇ ಹೋಗ್ತೀನಿ."

ಶುಕ್ರವಾರ ಪರದೆಯ ಮೇಲೆ ಕೋಟೆ ಎದ್ದು ನಿಂತಿತ್ತು. ಬುರುಜು, ಕಂದಕ, ಆನೆ ಎಲ್ಲವೂ ಇದ್ದವು. ಕಂಪನಿಯ ಧಣಿಗಳು ಚಪ್ಪಾಳೆ ತಟ್ಟಿದರು. ಕಟ್ಟಿದ ಹುಡುಗರು ಮಾತ್ರ ತಲೆ ಎತ್ತಲಿಲ್ಲ. ಕುಮುದಾ ಅವರನ್ನೇ ನೋಡುತ್ತಿದ್ದಳು.

"ನೋಡಿದ್ರಾ ಮೇಡಂ? ದೊಡ್ಡ ಎಂಜಿನ್ ಅಂದ್ರೆ ಇದು!"

"ಹಿಂಬಾಗಿಲಿಗೂ ಒಂದ್ಸಲ ಕರ್ಕೊಂಡು ಹೋಗಿ ಸಾರ್."

ಅವನು ನಗುತ್ತಲೇ ರಾಜನ ಕುದುರೆಯನ್ನು ಕೋಟೆಯ ಹಿಂದಕ್ಕೆ ಓಡಿಸಿದ. ಅಲ್ಲಿ, ಬಾಗಿಲಿರಬೇಕಾದ ಜಾಗದಲ್ಲಿ, ಆನೆ ಗಾತ್ರದ ಬದನೆಕಾಯಿ ನೇತಾಡುತ್ತಿತ್ತು.

ಈ ವಾಯ್ಸ್ ನೋಟನ್ನು ನಿಮ್ಮ ಆಫೀಸಿನ ಗುಂಪಿಗೆ ಕಳಿಸಿ. ಮ್ಯಾನೇಜರ್ ಇರುವ ಗುಂಪಿಗೇ ಕಳಿಸಿ.