ಮಾತಿಲ್ಲದ ಪಾತ್ರ

"ನಾಟಕದಲ್ಲಿ ಫೇಲಂತೆ, ನಾಟಕದಲ್ಲಿ! ನನ್ನ ಮಗಳು ಓದ್ತಿರೋದು ವ್ಯಾಪಾರದ ಡಿಗ್ರಿ ಮೇಡಂ, ಕುಣಿಯೋ ಡಿಗ್ರಿ ಅಲ್ಲ!"

ಬಣ್ಣದ ಅಂಗಡಿಯ ಯಜಮಾನರು ಮೇಜು ಗುದ್ದಿದ ರಭಸಕ್ಕೆ ಪೆನ್ನಿನ ಡಬ್ಬಿ ಮಗುಚಿ ಬಿತ್ತು. ನಾಟಕದ ಮೇಡಂ ಬಗ್ಗಿ ಒಂದೊಂದೇ ಪೆನ್ನು ಹೆಕ್ಕಿಕೊಂಡರು. ಕಾಲೇಜಿನ ಆ ಸಣ್ಣ ಕೋಣೆಯಲ್ಲಿ ಇನ್ನೂ ಒಂದು ಕುರ್ಚಿ ಖಾಲಿ ಇತ್ತು, ಆದರೂ ಮಗಳು ಬಾಗಿಲ ಪಕ್ಕ ನಿಂತೇ ಇದ್ದಳು. ಅಪ್ಪನ ಜೊತೆ ಎಲ್ಲಿಗೆ ಹೋದರೂ ಅವಳ ಜಾಗ ಅದೇ.

"ಅಕೌಂಟ್ಸು, ತೆರಿಗೆ, ಆಡಿಟಿಂಗು ಎಲ್ಲದರಲ್ಲೂ ಫಸ್ಟ್ ಕ್ಲಾಸ್. ಇದೊಂದಕ್ಕೋಸ್ಕರ ಡಿಗ್ರಿ ನಿಲ್ಲಿಸ್ತೀರಾ? ಬಣ್ಣ ಮಾರೋರ ಮನೆ ಹುಡುಗಿ ಬಣ್ಣ ಹಚ್ಕೊಂಡು ಯಾವ ರಾಜ್ಯ ಆಳ್ಬೇಕ್ರೀ?"

"ಇದು ನಮ್ಮ ಕಾಲೇಜಿನ ನಿಯಮ ಸರ್. ವ್ಯಾಪಾರ ಓದೋರು ಸಾಹಿತ್ಯ, ತತ್ವಶಾಸ್ತ್ರ, ನಾಟಕ ಮೂರರಲ್ಲೂ ಪಾಸಾಗ್ಲೇಬೇಕು. ಮೊದಲಿನ ಎರಡು ಪೇಪರ್ ಚೆನ್ನಾಗೇ ಬರೆದಿದ್ದಾಳೆ. ಇದರಲ್ಲಿ ಮಾತ್ರ ಬಾಯೇ ಬಿಡಲಿಲ್ಲ. ಕೊಟ್ಟಿದ್ದು ಸಣ್ಣ ಪಾತ್ರ, ಯಜಮಾನನ ಎದುರು ನಿಂತು ಸಿಟ್ಟಾಗೋ ಕೆಲಸದವಳು. ಕಂಬದ ಹಾಗೆ ನಿಂತಿದ್ದು ಇಳಿದು ಹೋದ್ಲು."

"ನನ್ನ ಮಗಳಿಗೆ ಕೋಪ ಅಂದ್ರೇನು ಅಂತಾನೇ ಗೊತ್ತಿಲ್ಲ. ಹಾಗೆ ಬೆಳೆಸಿದ್ದೀನಿ!" ಎಂದು ಅವರು ಕೋಪದಿಂದ ಕೂಗಿದರು.

ಮೇಡಂ ಹುಡುಗಿಯ ಕಡೆ ತಿರುಗಿದರು. "ನಿನಗೇನಮ್ಮ ಅನ್ಸುತ್ತೆ?"

"ಅವಳಿಗೇನೂ ಅನ್ಸಲ್ಲ ಮೇಡಂ," ಎಂದರು ಅಪ್ಪ.

"ನಾನು ಕೇಳಿದ್ದು ಅವಳನ್ನ."

"ಅದಕ್ಕೇ ಹೇಳಿದೆ."

ಇಂಥವರ ಹತ್ತಿರ ಏನು ಮಾತಾಡುವುದು! ಮೇಡಂ ಕೋಪ ನುಂಗಿಕೊಂಡರು. "ಮಾರ್ಕ್ಸ್ ಪಟ್ಟಿ ಇವತ್ತು ಸಂಜೆ ಆಫೀಸಿಗೆ ಹೋಗುತ್ತೆ. ಬೇಕಾದ್ರೆ ಈಗಲೇ ಇಲ್ಲೇ ಇನ್ನೊಂದು ಅವಕಾಶ ಕೊಡ್ತೀನಿ."

"ಕೊಡಿ. ಆದ್ರೆ ನಮ್ಮ ಅಂಗಡೀಲಿ ಒಂದು ಪದ್ಧತಿ ಇದೆ. ಮೊದಲು ಸಹಿ, ಆಮೇಲೆ ಮಾತು. ನೀವು ಸಹಿ ಹಾಕ್ಬಿಡಿ, ಅವಳು ನಿಧಾನಕ್ಕೆ ಮಾಡಿ ತೋರಿಸ್ತಾಳೆ."

ಅವರ ಅವಸರಕ್ಕೂ ಕಾರಣವಿತ್ತು. ಮುಂದಿನ ತಿಂಗಳು ಅವರ ಎರಡನೇ ಅಂಗಡಿ ಶುರುವಾಗುವುದರಲ್ಲಿತ್ತು. ಗಲ್ಲಾದಲ್ಲಿ ಕೂರುವವಳು ಮಗಳೇ. ಬೋರ್ಡಿನ ಮೇಲೆ ಅವಳ ಹೆಸರು, ಹೆಸರಿನ ಮುಂದೆ ಇನ್ನೂ ಸಿಗದ ಡಿಗ್ರಿ, ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆಸಿ ಆಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿಯ ಮನುಷ್ಯ.

ಮೇಡಂ ಸಹಿ ಹಾಕಲಿಲ್ಲ. ಎದ್ದು ಖಾಲಿ ಕುರ್ಚಿಯನ್ನು ಕೋಣೆಯ ನಡುವೆ ಎಳೆದು ಹಾಕಿದರು. "ಯಜಮಾನನ ಪಾತ್ರಕ್ಕೆ ಈಗ ಯಾರೂ ಇಲ್ಲ. ನೀವೇ ಕೂತ್ಕೊಳ್ಳಿ ಸರ್. ಮಾತಿಲ್ಲದ ಪಾತ್ರ, ಸುಮ್ಮನೆ ಕೂತು ಕೇಳಿದ್ರೆ ಸಾಕು."

ಯಜಮಾನರಾಗಿ ಕೂರುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಸುಮ್ಮನೆ ಕೂರುವುದೇ ಆಗದ ಕೆಲಸ. ಮಗಳು ಎದುರಿಗೆ ಬಂದು ನೆಲ ನೋಡುತ್ತ ನಿಂತಳೋ ಇಲ್ಲವೋ, ಮೇಜಿನ ಮೇಲಿದ್ದ ಆ ಕೆಲಸದವಳ ಮಾತಿನ ಹಾಳೆ ಕೈಗೆತ್ತಿಕೊಂಡರು. "ಹೇಳಮ್ಮ ಬೇಗ. 'ನನ್ನನ್ನ ಕೇಳಿದ್ರಾ' ಅಂತಿದೆ ನೋಡು. ಹೇಳು. ಬಾಯಿ ಬರಲ್ವಾ? ನಾನೇ ಹೇಳ್ಲಾ?"

"ನನ್ನನ್ನ ಕೇಳಿದ್ರಾ?" ಎಂದಳು ಹುಡುಗಿ. ದನಿ ತೀರಾ ಸಣ್ಣದಿತ್ತು. "ಯಾವತ್ತಾದ್ರೂ ನನ್ನನ್ನ ಕೇಳಿದ್ರಾ?"

"ಹಾಂ, ಹಾಗೆ! ಇನ್ನೂ ಸ್ವಲ್ಪ ಜೋರಾಗಿ."

ಹಾಳೆಯಲ್ಲಿದ್ದ ಮಾತು ಅಲ್ಲಿಗೆ ಮುಗಿದಿತ್ತು. ಹುಡುಗಿಯ ಮಾತು ಮುಗಿಯಲಿಲ್ಲ.

"ಕಣ್ಣಿನ ಡಾಕ್ಟ್ರು ಅಕ್ಷರ ಕಾಣ್ಸುತ್ತಾ ಮಗು ಅಂತ ನನ್ನನ್ನ ಕೇಳಿದ್ರು. 'ಓ, ಚೆನ್ನಾಗಿ ಕಾಣ್ಸುತ್ತೆ' ಅಂದೋರು ನೀವು! ನನ್ನ ಕಣ್ಣಿಗೆ ಏನು ಕಾಣ್ಸುತ್ತೆ ಅನ್ನೋದೂ ನಿಮಗೇ ಗೊತ್ತು! ಆ ವರ್ಷವೆಲ್ಲ ಬೋರ್ಡ್ ಮೇಲಿನ ಅಕ್ಷರ ಕಾಣದೆ ಕೂತಿದ್ದೆ. ಟೀಚರ್ ದಡ್ಡಿ ಅಂದ್ರು. ನೀವೂ ಹೌದು ಹೌದು ಅಂದ್ರಿ!"

"ಏಯ್, ಅದು ಯಾವಾಗಿನ..."

"ಮಾತಿಲ್ಲದ ಪಾತ್ರ!" ಹುಡುಗಿ ಕಿರುಚಿದಳು. "ಬಾಯಿ ಮುಚ್ಚಿ ಕೂತ್ಕೊಳ್ಳಿ! ಈ ಡಿಗ್ರಿಗೆ ಯಾರನ್ನ ಕೇಳಿ ಸೇರಿಸಿದ್ರಿ? ಅಂಗಡಿ ಬೋರ್ಡಿಗೆ ಯಾರನ್ನ ಕೇಳಿ ನನ್ನ ಹೆಸರು ಹಾಕಿಸಿದ್ರಿ? ಆ ಗಲ್ಲಾದಲ್ಲಿ ನಾನು ಕೂರಲ್ಲ. ಕೂರಲ್ಲ ಅಂದ್ರೆ ಕೂರಲ್ಲ!"

ಪಕ್ಕದ ಕೋಣೆಯಲ್ಲಿ ಪಾಠ ನಿಂತುಹೋಯಿತು. ಯಜಮಾನರ ಕೈಯಲ್ಲಿದ್ದ ಹಾಳೆ ಮುದ್ದೆಯಾಗಿತ್ತು. ಅವರು ಹಣೆ ಒರೆಸಿಕೊಂಡು ನಗಲು ನೋಡಿದರು.

"ಅಬ್ಬಬ್ಬಾ... ಚೆನ್ನಾಗೇ ಮಾಡಿದ್ಲು ಅಲ್ವಾ ಮೇಡಂ? ಎಲ್ಲಾ ನಾಟಕ ತಾನೇ? ಆ ಕೆಲಸದವಳ ಮಾತು ತಾನೇ?"

ಮೇಡಂ ಪೆನ್ನಿನ ಮುಚ್ಚಳ ತೆಗೆದು ಪಟ್ಟಿ ಮುಂದಿಟ್ಟುಕೊಂಡಿದ್ದರು. "ನಾಟಕ ಆದ್ರೆ ಪಾಸು ಸರ್. ನಿಜವಾದ ಸಿಟ್ಟಿಗೆ ಮಾರ್ಕ್ಸ್ ಕೊಡೋಕೆ ನಮ್ಮಲ್ಲಿ ನಿಯಮ ಇಲ್ಲ. ಯಾವುದು ಅಂತ ನನಗೆ ಗೊತ್ತಾಗ್ಲಿಲ್ಲ. ಅವಳನ್ನೇ ಕೇಳಿ."

ಯಜಮಾನರು ಮಗಳ ಕಡೆ ತಿರುಗಿದರು. ಆಮೇಲೆ, ಅಂಗಡಿಯಲ್ಲಿ ಯಾರೂ ಕೇಳಿರದಂಥ ಸಣ್ಣ ದನಿಯಲ್ಲಿ ಕೇಳಿದರು: "ಏನಮ್ಮಾ... ನಾಟಕ ತಾನೇ?" ಕೇಳಿ, ಉತ್ತರಕ್ಕೆ ಕಾದರು.

ಹುಡುಗಿ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಅಪ್ಪನ ಮುಖ ನೋಡಲಿಲ್ಲ, ಮೇಡಂ ಕೈಯಲ್ಲಿದ್ದ ಪೆನ್ನು ನೋಡಿದಳು.

"ಮೊದಲು ಸಹಿ ಹಾಕಿ ಮೇಡಂ," ಎಂದಳು. "ಆಮೇಲೆ ಮಾತು."