ಚೈತ್ರದ ಹಗುರ

ಚೈತ್ರ ಬಂತೆಂದರೆ ಭೂಮಿಯ ಮೇಲೆ ಎಲ್ಲರ ಭಾರವೂ ಇಳಿಯುತ್ತಿತ್ತು. ಯುಗಾದಿಯಿಂದ ತಿಂಗಳ ಕೊನೆಯ ಸಂಜೆಯವರೆಗೆ ಧಾರವಾಡದ ಮಂದಿ ಜಿಗಿದರೆ ಮಾಳಿಗೆ ಮುಟ್ಟುತ್ತಿದ್ದರು. ಗೋದಾಬಾಯಿಗೆ ಮಾತ್ರ ಬಲು ತ್ರಾಸು. ಹೋಳಿಗೆ ಹಂಚಿನಿಂದ ಹಾರುತ್ತಿತ್ತು, ಪೂಜೆಗೆ ತೊಟ್ಟಿಲಲ್ಲಿಟ್ಟ ಗೌರಿಯ ಮೂರ್ತಿಯನ್ನು ದಾರ ಕಟ್ಟಿ ಕೂರಿಸಬೇಕಿತ್ತು. ಹಾಗಾಗಿ ಅವರು ಸೊಂಟಕ್ಕೆ ಗುಂಡುಕಲ್ಲು ಕಟ್ಟಿಕೊಂಡು ಅಡುಗೆಮನೆಯಲ್ಲೇ ಉಳಿಯುತ್ತಿದ್ದರು. ಉಳಿದ ತಿಂಗಳೆಲ್ಲ ಕೋಲೂರಿ ನಡೆಯುವ ಗಂಡ ವಾಮನರಾಯರು ಮಾತ್ರ ಚೈತ್ರದಲ್ಲಿ ಮನೆಯೊಳಗೆ ನಿಲ್ಲುತ್ತಿರಲಿಲ್ಲ.

ಆ ವರ್ಷ ಚೈತ್ರದ ಕೊನೆಯ ಸಂಜೆ ಅರಿಶಿನ-ಕುಂಕುಮಕ್ಕೆ ಹೆಂಗಸರು ಬಂದಾಗ ರಾಯರು ಹಿತ್ತಲ ಮಾವಿನಮರದ ತುದಿಯಲ್ಲಿದ್ದರು.

"ಇಳೀರಿ! ಭಾರ ಬರೋ ಹೊತ್ತಾತು. ಬಿದ್ದು ಸೊಂಟ ಮುರಕೊಂಡ್ರ ನಾ ನೋಡಂಗಿಲ್ಲ," ಎಂದು ಗೋದಾಬಾಯಿ ಕೂಗಿದರು.

"ನೀನ ಬಂದು ಇಳಿಸು," ರಾಯರು ನಕ್ಕರು. "ಮದುವಿ ಆದಾಗಿಂದ ಒಮ್ಮೆನೂ ನೆಲಾ ಬಿಟ್ಟಿಲ್ಲ ನೀ."

ಹೆಂಗಸರು ಕಿಸಕ್ಕೆಂದರು. ಸಿಟ್ಟಿಗೆದ್ದ ಗೋದಾಬಾಯಿ ಕಲ್ಲು ಬಿಚ್ಚಿಟ್ಟು, ಸೆರಗು ಸಿಕ್ಕಿಸಿ, ಕಣ್ಣು ಮುಚ್ಚಿ ಜಿಗಿದರು. ಕಣ್ಣು ಬಿಟ್ಟಾಗ ಗಂಡನ ಪಕ್ಕದ ಕೊಂಬೆಯಲ್ಲಿದ್ದರು. ಬೈಯಲು ಬಾಯಿ ತೆರೆದವರು ಸುತ್ತ ನೋಡಿದರು. ಮನೆಗಳ ಹೆಂಚುಗಳ ಮೇಲೆ ಹುಡುಗಿಯರು ಕುಂಟಾಬಿಲ್ಲೆ ಆಡುತ್ತಿದ್ದರು. ಆಚೆ ಕೆರೆ ಕೆಂಪಗೆ ಹೊಳೆಯುತ್ತಿತ್ತು.

"ಇಷ್ಟ ಛಂದ ಅದ ಅಂತ ಯಾಕ ಹೇಳಿಲ್ರಿ?"

"ಪ್ರತಿ ವರ್ಷ ಹೇಳ್ತೀನಿ. ನೀ ಹೋಳಿಗಿ ಹಿಡಕೊಂಡು ನಿಂತಿರ್ತಿ."

ಅಷ್ಟರಲ್ಲಿ ಕೊಂಬೆ ಕಿರುಗುಟ್ಟಿ ಬಾಗಿತು. ಭಾರ ಬಂದಿತ್ತು. ಇಬ್ಬರೂ ಕಾಂಡವನ್ನು ತಬ್ಬಿಕೊಂಡರು.

"ಅತ್ತೀ, ಗಟ್ಟಿ ಹಿಡಕೋರಿ! ಏಣಿ ತರ್ತೀನಿ!" ಕೆಳಗಿನಿಂದ ಸೊಸೆ ಕಿರುಚಿದಳು.

ಗೋದಾಬಾಯಿ ಸಾವರಿಸಿಕೊಂಡು ಕಾಲು ಇಳಿಬಿಟ್ಟು ಕೂತರು.

"ಅವಸರ ಇಲ್ಲವ್ವಾ. ಬಂದವರಿಗೆ ಮೊದಲ ನೀನ ಕೋಸಂಬರಿ ಹಂಚು."