ಮೂರಕ್ಕಿಂತ ಕಡಿಮೆ

ಕನ್ನಡ ಸಂಘದ ಕಾಂದಿವಲಿ ಶಾಖೆಯ ಒಬ್ಬ ಹೆಂಗಸಿಗೂ ಅರಿಶಿನ ಕುಂಕುಮದ ಆಹ್ವಾನ ಹೋಗಿರಲಿಲ್ಲ. ಕಾರ್ಯಕ್ರಮ ಇದ್ದದ್ದೇ ಕಾಂದಿವಲಿಯಲ್ಲಿ; ಮೊದಲು ಕಳಿಸಿದ್ದೂ ಅಲ್ಲಿಗೇ, ಉಳಿದ ಶಾಖೆಗಳಿಗೆ ಇನ್ನೂ ಕಳಿಸಿರಲಿಲ್ಲ. ಮಹಿಳಾ ವಿಭಾಗದ ನೀಲಾವತಿಯಕ್ಕ ಬೆಳಿಗ್ಗೆಯೇ ಪ್ರೀತಮ್‌ಗೆ ಫೋನ್ ಮಾಡಿ, "ಅಧ್ಯಕ್ಷೆ ನಾನು, ನಂಗೇ ಮೆಸೇಜ್ ಇಲ್ಲ. ನಿಮ್ಮ ಆ್ಯಪ್‌ನಲ್ಲಿ ನಾನು ಸತ್ತಿದ್ದೇನಾ?" ಎಂದು ಕೇಳಿದ್ದರು.

ಪ್ರೀತಮ್ ಮತ್ತು ಅನುರಾಧಾ ವಾರವಿಡೀ ಬೇರೆ ಬೇರೆ ಕಂಪನಿಗಳಲ್ಲಿ ಪ್ರೋಗ್ರಾಂ ಬರೆಯುವವರು. ಭಾನುವಾರ ಸಯನ್‌ನ ಸಂಘದ ಕೋಣೆಯಲ್ಲಿ ಕೂತು ಆ್ಯಪ್ ನೋಡಿಕೊಳ್ಳುತ್ತಾರೆ. ತಪ್ಪು ಬೇಗ ಸಿಕ್ಕಿತು. ಆ್ಯಪ್‌ನಲ್ಲಿ ಎಲ್ಲದಕ್ಕೂ ಅಂಕಿ. ಸಯನ್ ಒಂದು, ಫೋರ್ಟ್ ಎರಡು, ಕಾಂದಿವಲಿ ಮೂರು. ಮದುವೆಯಾಗದವರು ಒಂದು, ಆದವರು ಎರಡು, ಗಂಡ ಇಲ್ಲದವರು ಮೂರು. ಕಳೆದ ವಾರದ ತಿದ್ದುಪಡಿಯಲ್ಲಿ ಪ್ರೀತಮ್ ಮದುವೆಯ ಅಂಕಿ ಇರಬೇಕಾದಲ್ಲಿ ಶಾಖೆಯ ಅಂಕಿ ಕೊಟ್ಟಿದ್ದ. ಅಂಕಿಯ ಜಾಗಕ್ಕೆ ಅಂಕಿಯೇ ಬಂದದ್ದರಿಂದ ಕಂಪ್ಯೂಟರ್ ತಕರಾರು ಮಾಡದೆ ಕಾಂದಿವಲಿಯ ಎಲ್ಲರನ್ನೂ ಗಂಡ ಇಲ್ಲದವರ ಲೆಕ್ಕಕ್ಕೆ ಸೇರಿಸಿ ಬಿಟ್ಟುಬಿಟ್ಟಿತ್ತು.

"ಅಂದ್ರೆ ಅಕ್ಕ ಸತ್ತಿಲ್ಲ, ಭಾವ ಸತ್ತದ್ದು," ಎಂದು ಪ್ರೀತಮ್ ನಕ್ಕ. ಪಕ್ಕದಲ್ಲಿ ಕೂತವಳು ಯಾರೆಂದು ನೆನಪಾಗಿ ನಗು ಅರ್ಧಕ್ಕೇ ನಿಂತಿತು. ಅನುರಾಧಾ ನಗುತ್ತಲೇ ಇದ್ದಳು. ಎರಡು ವರ್ಷದ ಹಿಂದೆ, ಗಂಡ ತೀರಿಕೊಂಡ ತಿಂಗಳು, ಆ್ಯಪ್‌ನಲ್ಲಿ ತನ್ನ ಎರಡನ್ನು ಮೂರು ಮಾಡಿದವಳು ಅವಳೇ.

ಅದೊಂದು ಸಾಲು ಸರಿಮಾಡಿದರೆ ಸಾಕೆಂದು ಅವನು ಹೇಳಿದ. ಅವಳು ಒಪ್ಪಲಿಲ್ಲ. ಅಂಕಿಗಳನ್ನು ತೆಗೆದು ಎನಮ್, ಅಂದರೆ ಹೆಸರುಗಳ ಪಟ್ಟಿ, ಹಾಕೋಣ. ಶಾಖೆಯ ಜಾಗದಲ್ಲಿ ಶಾಖೆಯ ಹೆಸರು, ಮದುವೆಯ ಜಾಗದಲ್ಲಿ ಅದರದ್ದೇ ಹೆಸರು. ಅದಲು ಬದಲಾದರೆ ಕಂಪ್ಯೂಟರೇ ತಡೆಯುತ್ತದೆ ಎಂದಳು. ಚಹಾ ಬರುವಷ್ಟರಲ್ಲಿ ಬರೆದೂ ಮುಗಿಸಿದಳು. ಒಂದು ಸಾಲು ಮಾತ್ರ ತಪ್ಪೆಂದು ಕೆಂಪಾಗಿ ಉಳಿಯಿತು. ಅದು ಆಹ್ವಾನ ಯಾರಿಗೆಂದು ಆರಿಸುವ ಸಾಲು: ಮೂರಕ್ಕಿಂತ ಕಡಿಮೆ ಇದ್ದವರಿಗೆ. ಹೆಸರುಗಳಲ್ಲಿ ಹೆಚ್ಚು ಕಡಿಮೆ ಎಂಬುದಿಲ್ಲ.

ಹೀಗೆ ಬರೆಯಲು ಹೇಳಿದವರು ಯಾರೆಂದು ಕೇಳಿದಳು. ಹಾಗೆಂದು ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಕಳಿಸು, ಗೊತ್ತಲ್ಲ, ಎಂದಿದ್ದರಂತೆ ನೀಲಾವತಿಯಕ್ಕ.

ಅನುರಾಧಾ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. "ಹಂಗಾದ್ರ ಬಿಡೂದು ಯಾರನ್ನ? ಹೆಸರು ಬರಿ."

ಪ್ರೀತಮ್ ಒಂದು ಅಕ್ಷರ ಒತ್ತಿದ, ಅಳಿಸಿದ. ಮತ್ತೆ ಒತ್ತಿ ಮತ್ತೆ ಅಳಿಸಿದ. ಕೊನೆಗೆ ನೀಲಾವತಿಯಕ್ಕನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. "ಅಕ್ಕಾ, ಯಾರಿಗೆ ಕಳಿಸ್ಬಾರ್ದು ಅಂತ ಹೆಸರು ಹಾಕಿ ಬರೀಬೇಕಂತೆ. ಎಂತ ಬರೀಲಿ?"

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು.

"ಎಂತದು ಮಾರಾಯ," ಎಂದರು ನೀಲಾವತಿಯಕ್ಕ. ಒಲೆ ಆರಿಸಿ, "ಬೆಳಿಗ್ಗೆಯಿಂದ ನನ್ನನ್ನೇ ಬಿಟ್ಟಿದ್ದೀಯ. ಸಾಕು. ಯಾರನ್ನೂ ಬಿಡ್ಬೇಡ," ಎಂದರು.

ಅವನು ಕೆಂಪು ಸಾಲನ್ನು ಪೂರ್ತಿ ಅಳಿಸಿ, ಕಳಿಸುವ ಗುಂಡಿ ಒತ್ತಿದ. ಅನುರಾಧಾಳ ಚೀಲದೊಳಗೆ ಫೋನ್ ಗುಯ್‌ಗುಟ್ಟಿತು. ಪ್ರೀತಮ್ ಗೋಡೆಯ ಕಡೆ ನೋಡಿದ. ಅವಳು ಫೋನ್ ತೆಗೆದು ಮೆಸೇಜನ್ನು ಕೊನೆಯವರೆಗೆ ಓದಿದಳು. ಆರಿದ ಚಹಾ ಕುಡಿದಳು.

"ಕಾಂದಿವಲಿಗೆ ಫಾಸ್ಟ್ ಲೋಕಲ್ ನಿಲ್ತದೇನು?" ಎಂದು ಕೇಳಿದಳು.